ಗುಳಿಗೆಯ ಅರಿವು ಮತ್ತು ಆಚಾರ

ರೋಗವು ಶರೀರದ ಒಂದು ಮೂಲೆಯಲ್ಲಿ ಮನೆಮಾಡಿಕೊಂಡಿರುತ್ತದೆ. ಅದಕ್ಕೆಂದು ನುಂಗಿದ ಮದ್ದು ಮಾತ್ರ ಶರೀರವನ್ನೆಲ್ಲ ಸುತ್ತಿ ಬರುತ್ತದೆ. ದೊಡ್ಡ ಕರುಳಿನ ಹುಣ್ಣಿಗೆಂದು ಸಾಮಾನ್ಯ ಗುಳಿಗೆಯಲ್ಲಿ ಕೊಟ್ಟ ಔಷಧದ ಬಹುಭಾಗವು ಸಣ್ಣ ಕರುಳಿನಲ್ಲಿಯೇ ರಕ್ತಕ್ಕೆ ಸೇರಿ, ಬೇಡದ ಅಂಗಗಳನ್ನೆಲ್ಲ ಮುಟ್ಟಿ, ಬೇಕಾದ ಎಡೆಗೆ ಅಲ್ಪಾಂಶವಾಗಿ ತಲುಪುವುದುಂಟು. ತೋಟದ ಮೂಲೆಯ ಒಂದು ಗಿಡ ಬಾಡಿದೆಯೆಂದು ಊರ ಕೆರೆಯ ತೂಬನ್ನೇ ಎತ್ತಿಬಿಟ್ಟಂತೆ ಈ ಕ್ರಮ. ಗಿಡಕ್ಕೆ ನೀರು ದೊರೆತೀತು. ಆದರೆ ನಡುವಣ ಹೊಲಗಳ ಗತಿಯೇನು? ಅಡ್ಡಪರಿಣಾಮವೆಂದು ವೈದ್ಯರು ಕರೆಯುವುದರ ಬಹುಪಾಲು, ಹೀಗೆ ತನ್ನ ಮನೆಯನ್ನರಿಯದೆ ಬೀದಿಬೀದಿ ತಿರುಗಿದ ಔಷಧದ ಫಲವೇ ಆಗಿದೆ.

ಈ ಕೊರತೆಯನ್ನು ನೀಗಲು ಎರಡು ದಶಕಗಳಿಂದೀಚೆಗೆ ವಿಜ್ಞಾನಿಗಳು ಒಂದು ಹೊಸ ಬಗೆಯ ಕ್ಯಾಪ್ಸೂಲನ್ನು ರೂಪಿಸುತ್ತಿದ್ದಾರೆ. ತಾನೆಲ್ಲಿರುವೆನೆಂಬುದನ್ನು ಅದು ಅರಿಯುತ್ತದೆ. ನಿಶ್ಚಿತ ಸ್ಥಳ ಬಂದಾಗಲೇ ಬಾಯಿ ತೆರೆದು ಮದ್ದನ್ನು ಸುರಿಯುತ್ತದೆ. ಕೆಲಸ ಮುಗಿದೊಡನೆ ಮಲದೊಡನೆ ಹೊರಬೀಳುತ್ತದೆ. ಇದನ್ನು ಪವಾಡವೆಂದು ಕೊಂಡಾಡುವವರೂ ಇದ್ದಾರೆ, ಸಿರಿವಂತ ದೇಶಗಳ ವಿಲಾಸವೆಂದು ತಳ್ಳಿಹಾಕುವವರೂ ಇದ್ದಾರೆ. ಇವೆರಡೂ ಅವಸರದ ತೀರ್ಮಾನಗಳು. ಶರಣಪರಂಪರೆಯಲ್ಲಿ ಅರಿವು ಮತ್ತು ಆಚಾರ ಎಂಬ ಎರಡು ಪದಗಳು ಸದಾ ಜೊತೆಜೊತೆಯಾಗಿಯೇ ಬರುತ್ತವೆ. ಆಚಾರವಿಲ್ಲದ ಅರಿವಿಗೆ ಅಲ್ಲಿ ಬೆಲೆಯಿಲ್ಲ. ಈ ಗುಳಿಗೆಯನ್ನೂ ಅದೇ ಒರೆಗಲ್ಲಿಗೆ ಹಚ್ಚಿ ನೋಡುವುದು ಯುಕ್ತ.

ಬಾಯಿಂದ ದೊಡ್ಡ ಕರುಳಿನವರೆಗಿನ ದಾರಿ ಸುಗಮವಾದುದಲ್ಲ. ಹಸಿದ ಜಠರದಲ್ಲಿ ಪಿಎಚ್ ಮೌಲ್ಯ 1ರಿಂದ 2ರ ಆಸುಪಾಸಿನಲ್ಲಿರುವ ಪ್ರಬಲ ಆಮ್ಲವಿರುತ್ತದೆ. ಸಣ್ಣ ಕರುಳಿನ ಆರಂಭದಲ್ಲಿ ಅದು ಸುಮಾರು 6ಕ್ಕೇರಿ, ಕೊನೆಯ ಭಾಗದಲ್ಲಿ 7ನ್ನು ಮೀರಿ, ದೊಡ್ಡ ಕರುಳಿನ ಹೊಸ್ತಿಲಲ್ಲಿ ಮತ್ತೆ ತುಸು ಇಳಿಯುತ್ತದೆ. ಆಮ್ಲದ ಜೊತೆಗೆ ಪ್ರೋಟೀನುಗಳನ್ನು ತುಂಡರಿಸುವ ಕಿಣ್ವಗಳೂ ಕಾದಿರುತ್ತವೆ. ಅನ್ನದೊಡನೆ ಬಂದ ಬೇಳೆಯ ಪ್ರೋಟೀನಿಗೂ ಔಷಧವಾಗಿ ಬಂದ ಪ್ರೋಟೀನಿಗೂ ಜಠರವು ಭೇದವೆಣಿಸುವುದಿಲ್ಲ; ಎರಡನ್ನೂ ಅರೆದು ಜೀರ್ಣಿಸಿಬಿಡುತ್ತದೆ. ಇದನ್ನೆಲ್ಲ ದಾಟಿದರೂ ಕರುಳಿನ ಗೋಡೆಗೆ ಲೇಪಿತವಾದ ಲೋಳೆಯ ಪೊರೆಯು ದೊಡ್ಡ ಅಣುಗಳನ್ನು ಒಳಬಿಡುವುದಿಲ್ಲ.

ಇನ್ಸುಲಿನ್ ಇದಕ್ಕೆ ಉತ್ತಮ ನಿದರ್ಶನ. ಕೆನಡಾದ ಟೊರಾಂಟೊ ನಗರದಲ್ಲಿ 1921ರಲ್ಲಿ ಇದರ ಆವಿಷ್ಕಾರವಾಯಿತು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಬಾಲಕನಿಗೆ ಮೊದಲ ಚುಚ್ಚುಮದ್ದು ದೊರೆಯಿತು. ಅಂದಿನಿಂದ ನೂರು ವರ್ಷಗಳು ಕಳೆದಿವೆ. ಮನುಷ್ಯನು ಚಂದ್ರನ ಮೇಲೆ ನಡೆದು ಬಂದಿದ್ದಾನೆ. ಆದರೆ ಇನ್ಸುಲಿನ್ನನ್ನು ಗುಳಿಗೆಯಾಗಿ ನುಂಗುವ ಭಾಗ್ಯ ಮಧುಮೇಹಿಗೆ ಇನ್ನೂ ಬಂದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಸಮೀಕ್ಷೆಯೊಂದು 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಈ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ ಸುಮಾರು 10.1 ಕೋಟಿ. ಇವರೆಲ್ಲರಿಗೂ ಇನ್ಸುಲಿನ್ ಬೇಕಾಗುವುದಿಲ್ಲ, ನಿಜ. ಆದರೆ ಬಾಲ್ಯದಲ್ಲಿಯೇ ಈ ವ್ಯಾಧಿಗೆ ತುತ್ತಾದ ಮಕ್ಕಳಿಗೆ ಅದಿಲ್ಲದೆ ಬದುಕೇ ಇಲ್ಲ. ಪ್ರಾರ್ಥನೆಗೆ ಮುನ್ನ, ಊಟಕ್ಕೆ ಮುನ್ನ, ಮಲಗುವ ಮುನ್ನ ಸೂಜಿಯನ್ನು ಕೈಗೆತ್ತಿಕೊಳ್ಳಬೇಕಾದ ಮಗುವಿನ ಪಾಡನ್ನು ವಸತಿನಿಲಯಗಳ ಮೇಲ್ವಿಚಾರಕರು ಊಹಿಸಬಲ್ಲರು. ಆ ಸೀಸೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಕಾಪಿಡಬೇಕೆಂಬ ಕಟ್ಟಳೆ ಬೇರೆ; ವಿದ್ಯುತ್ತು ಬಂದು ಹೋಗುವ ಊರುಗಳಲ್ಲಿ ಅದೂ ಒಂದು ಚಿಂತೆಯೇ.

ಜಾಣ ಕ್ಯಾಪ್ಸೂಲೆಂಬುದು ಒಮ್ಮೆಲೇ ಆಕಾಶದಿಂದಿಳಿದುದಲ್ಲ. ಪ್ಯಾರಿಸಿನಲ್ಲಿ 1834ರಲ್ಲಿ ಮೋಥ್ ಮತ್ತು ದ್ಯುಬ್ಲಾಂಕ್ ಎಂಬಿಬ್ಬರು ಜಿಲಾಟಿನ್ ಕ್ಯಾಪ್ಸೂಲಿಗೆ ಹಕ್ಕುಪತ್ರ ಪಡೆದಾಗ ಅದರ ಉದ್ದೇಶ ಕಹಿಮದ್ದಿನ ರುಚಿಯನ್ನು ನಾಲಗೆಯಿಂದ ಮರೆಮಾಡುವುದಷ್ಟೇ ಆಗಿತ್ತು. ಅರ್ಧಶತಮಾನ ಕಳೆದು, 1884ರಲ್ಲಿ, ಜರ್ಮನಿಯ ಚರ್ಮವೈದ್ಯ ಪಾಲ್ ಗರ್ಸನ್ ಉನ್ನಾ ಗುಳಿಗೆಗೆ ಕೆರಟಿನ್ ಲೇಪನ ಕೊಟ್ಟು, ಅದು ಜಠರದಲ್ಲಿ ಕರಗದೆ ಕರುಳಿನಲ್ಲಿ ಕರಗಲೆಂದು ಯತ್ನಿಸಿದನು. ಸ್ಥಳವನ್ನು ಗುರುತಿಸುವ ಗುಣವನ್ನು ಗುಳಿಗೆಗೆ ಕಲಿಸಿದ ಆರಂಭದ ಪಾಠಗಳಲ್ಲಿ ಇದೊಂದು. ಇಪ್ಪತ್ತನೆಯ ಶತಮಾನದಲ್ಲಿ ಬಂದ ಕೃತಕ ಪಾಲಿಮರುಗಳು ಈ ಪಾಠವನ್ನು ಮುಂದುವರಿಸಿದವು. ಪಿಎಚ್ 5.5 ದಾಟಿದಾಗ ಕರಗುವ ಲೇಪನ ಒಂದು, 6 ದಾಟಿದಾಗ ಕರಗುವುದು ಇನ್ನೊಂದು, 7 ದಾಟಿದಾಗ ಮಾತ್ರ ಕರಗುವುದು ಮತ್ತೊಂದು. ದೊಡ್ಡ ಕರುಳಿನ ಹುಣ್ಣಿಗೆ ಕೊಡುವ ಮೆಸಾಲಮೀನ್ ಗುಳಿಗೆಗಳಲ್ಲಿ ಹಲವು ಈ ಕೊನೆಯ ಬಗೆಯ ಅಂಗಿಯನ್ನು ತೊಟ್ಟಿರುತ್ತವೆ. ಆದರೆ ಪಿಎಚ್ ಎಲ್ಲರಲ್ಲೂ ಒಂದೇ ಸಮನಾಗಿರುವುದಿಲ್ಲ. ರೋಗವಿದ್ದಾಗಲಂತೂ ಏರುಪೇರು ಹೆಚ್ಚು. ಕೆಲವೊಮ್ಮೆ ಲೇಪನ ಬೇಗನೆ ಕರಗುತ್ತದೆ, ಕೆಲವೊಮ್ಮೆ ಗುಳಿಗೆ ಇಡಿಯಾಗಿಯೇ ಹೊರಬರುತ್ತದೆ. ಲೇಪನದ ಅರಿವಿಗೆ ಇದು ಮಿತಿ.

ಇನ್ನೊಂದು ದಾರಿಯಿಂದ ಭೌತವಿಜ್ಞಾನಿಗಳು ಬಂದರು. ಸ್ಟೂವರ್ಟ್ ಮೆಕೇ ಮತ್ತು ಬರ್ಟಿಲ್ ಯಾಕೊಬ್ಸನ್ 1957ರಲ್ಲಿ, ನುಂಗಬಹುದಾದ ಪುಟ್ಟ ರೇಡಿಯೊ ಪ್ರೇಷಕವನ್ನು ವರ್ಣಿಸಿದರು. ಕರುಳಿನೊಳಗಿನ ಒತ್ತಡ ಮತ್ತು ಉಷ್ಣತೆಯನ್ನು ಅದು ಹೊರಜಗತ್ತಿಗೆ ತಿಳಿಸುತ್ತಿತ್ತು. ಇಸ್ರೇಲಿನಲ್ಲಿ ಕ್ಷಿಪಣಿಗಳ ದೃಕ್‌ಸಾಧನಗಳ ಮೇಲೆ ಕೆಲಸ ಮಾಡಿದ್ದ ಗವ್ರಿಯಲ್ ಇದ್ದಾನ್ ಎಂಬ ಇಂಜಿನಿಯರ್ ಮತ್ತು ಆತನ ಸಂಗಡಿಗರು ಕ್ಯಾಮೆರಾವನ್ನೇ ಕ್ಯಾಪ್ಸೂಲಿನಲ್ಲಿ ಅಡಗಿಸಿದರು. 2000ದಲ್ಲಿ ಅದರ ವರದಿ ಹೊರಬಂದು, 2001ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಸಮ್ಮತಿ ದೊರೆಯಿತು. 11 ಮಿಲಿಮೀಟರ್ ದಪ್ಪ, 26 ಮಿಲಿಮೀಟರ್ ಉದ್ದದ ಆ ಗುಳಿಗೆ, ಕಣ್ಣಿಗೆ ಎಟುಕದಿದ್ದ ಸಣ್ಣ ಕರುಳನ್ನು ವೈದ್ಯರ ಮುಂದೆ ತೆರೆದಿಟ್ಟಿತು. ಸಂಹಾರದ ವಿದ್ಯೆಯಲ್ಲಿ ಪಳಗಿದ ಕೈಯೊಂದು ಸಂಜೀವನದ ಕಾಯಕಕ್ಕೆ ತಿರುಗಿದ ಈ ಪ್ರಸಂಗವನ್ನು ಪ್ರತಿಯೊಬ್ಬ ವಿಜ್ಞಾನ ಶಿಕ್ಷಕನೂ ತರಗತಿಯಲ್ಲಿ ಹೇಳತಕ್ಕದ್ದು.

ನೋಡುವ ಗುಳಿಗೆಯಿಂದ ಕೊಡುವ ಗುಳಿಗೆಗೆ ಒಂದೇ ಹೆಜ್ಜೆ. 2008ರಲ್ಲಿ ಫಿಲಿಪ್ಸ್ ಸಂಸ್ಥೆ ಅದೇ ಅಳತೆಯ ಒಂದು ಕ್ಯಾಪ್ಸೂಲನ್ನು ಪ್ರಕಟಪಡಿಸಿತು. ಅದರಲ್ಲಿ ಮದ್ದಿನ ಕೊಠಡಿ, ಮದ್ದನ್ನು ತಳ್ಳುವ ಪಂಪು, ಪಿಎಚ್ ಮತ್ತು ಉಷ್ಣತೆಯ ಸಂವೇದಕಗಳು, ಪುಟ್ಟ ಗಣಕ, ವಿದ್ಯುತ್ಕೋಶ, ರೇಡಿಯೊ ಎಲ್ಲವೂ ಇದ್ದವು. ಪಿಎಚ್ ಬದಲಾದುದರಿಂದ ಜಠರ ದಾಟಿತು, ಕರುಳು ಬಂದಿತು ಎಂದರಿತು, ಮೊದಲೇ ಬರೆದುಕೊಟ್ಟ ಕ್ರಮದಲ್ಲಿ ಅದು ಔಷಧವನ್ನು ಬಿಡುತ್ತದೆ. ಔಷಧವೊಂದು ಕರುಳಿನ ಯಾವ ಭಾಗದಲ್ಲಿ ಚೆನ್ನಾಗಿ ಹೀರಲ್ಪಡುವುದೆಂಬ ಸಂಶೋಧನೆಗೆ ಇಂಥ ಸಾಧನವು ಬಹಳ ಉಪಯುಕ್ತ.

ಆದರೆ ಈ ಕ್ಷೇತ್ರದ ಅತ್ಯಂತ ಮನನೀಯ ಬೆಳವಣಿಗೆ ಯಂತ್ರಗಳ ದಟ್ಟಣೆಯಿಂದ ಬಂದುದಲ್ಲ, ಸರಳತೆಯಿಂದ ಬಂದುದು. ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ರಾಬರ್ಟ್ ಲ್ಯಾಂಗರ್ ಮತ್ತು ಜಿಯೊವಾನಿ ಟ್ರವೆರ್ಸೊ ಅವರ ತಂಡ 2019ರಲ್ಲಿ ಒಂದು ಇನ್ಸುಲಿನ್ ಕ್ಯಾಪ್ಸೂಲನ್ನು ಪ್ರಕಟಿಸಿತು. ಬೆನ್ನುಮೇಲಾಗಿ ಬಿದ್ದರೂ ತಾನಾಗಿ ಹೊರಳಿ ನಿಲ್ಲಬಲ್ಲ ಚಿರತೆಯಾಮೆಯ ಚಿಪ್ಪಿನ ಆಕಾರವೇ ಅದಕ್ಕೆ ಸ್ಫೂರ್ತಿ. ತಳಭಾರವಾಗಿರುವುದರಿಂದ ಜಠರದಲ್ಲಿ ಹೇಗೆ ಬಿದ್ದರೂ ತಂಜಾವೂರಿನ ಬೊಂಬೆಯಂತೆ ಎದ್ದು ನಿಂತು, ತಳವನ್ನು ಜಠರದ ಗೋಡೆಗೆ ಒತ್ತುತ್ತದೆ. ಒಳಗೆ ಅದುಮಿಟ್ಟ ಒಂದು ಸುರುಳಿಯನ್ನು ಸಕ್ಕರೆಯ ಬಿಲ್ಲೆಯೊಂದು ಹಿಡಿದಿರುತ್ತದೆ. ಜಠರದ ನೀರಿಗೆ ಸಕ್ಕರೆ ಕರಗುತ್ತದೆ, ಸುರುಳಿ ಬಿಡುಗಡೆಯಾಗುತ್ತದೆ, ಒಣಗಿಸಿ ಗಟ್ಟಿಗೊಳಿಸಿದ ಇನ್ಸುಲಿನ್ನಿನ ಮೊನೆ ಜಠರದ ಗೋಡೆಗೆ ಹೊಕ್ಕು ಅಲ್ಲಿಯೇ ಕರಗುತ್ತದೆ. ಜಠರದ ಒಳಗೋಡೆಯಲ್ಲಿ ಇಂಥ ಚುಚ್ಚುವಿಕೆಯ ನೋವು ಅರಿವಾಗುವುದಿಲ್ಲ. ಹಂದಿಗಳ ಮೇಲಿನ ಪ್ರಯೋಗದಲ್ಲಿ ಮೊದಲು 300 ಮೈಕ್ರೊಗ್ರಾಮ್, ಬಳಿಕ 5 ಮಿಲಿಗ್ರಾಮಿನಷ್ಟು ಇನ್ಸುಲಿನ್ನನ್ನು ಹೀಗೆ ಕೊಡಲು ಸಾಧ್ಯವಾಯಿತು. ಇದರಲ್ಲಿ ಗಣಕವಿಲ್ಲ, ರೇಡಿಯೊ ಇಲ್ಲ, ವಿದ್ಯುತ್ಕೋಶವೂ ಇಲ್ಲ.

ಕ್ಯಾಲಿಫೋರ್ನಿಯಾದ ಮೀರ್ ಇಮ್ರಾನ್ ಸ್ಥಾಪಿಸಿದ ರಾಣಿ ಥೆರಪ್ಯೂಟಿಕ್ಸ್ ಸಂಸ್ಥೆಯ ಕ್ಯಾಪ್ಸೂಲು ಇನ್ನೊಂದು ಬಗೆಯದು. ಕರುಳಿನಲ್ಲಿ ಮೇಲಂಗಿ ಕರಗಿದೊಡನೆ ಒಳಗಿನ ಆಮ್ಲವೂ ಬೈಕಾರ್ಬೊನೇಟೂ ಕೂಡಿ ಇಂಗಾಲದ ಡೈಆಕ್ಸೈಡ್ ಉತ್ಪತ್ತಿಯಾಗಿ, ಪುಟ್ಟ ಬಲೂನು ಉಬ್ಬಿ, ಕರಗುವ ಸೂಜಿಯೊಂದು ಕರುಳಿನ ಗೋಡೆಗೆ ಸೇರುತ್ತದೆ. ಇದರ ಪ್ರಾಥಮಿಕ ಪರೀಕ್ಷೆಗಳು ಮಾನವ ಸ್ವಯಂಸೇವಕರಲ್ಲಿಯೂ ನಡೆದಿವೆ. 2022ರಲ್ಲಿ ಟ್ರವೆರ್ಸೊ ಅವರ ಪ್ರಯೋಗಾಲಯದಿಂದಲೇ, ತಿರುತಿರುಗಿ ಲೋಳೆಯನ್ನು ಸರಿಸಿ ಮದ್ದು ಬಿಡುವ ಕ್ಯಾಪ್ಸೂಲು ಬಂದಿತು. 2024ರಲ್ಲಿ, ನೀರನ್ನು ಚಿಮ್ಮಿಸಿ ಚಲಿಸುವ ಕಟಲ್‌ಮೀನಿನಂಥ ಜೀವಿಗಳಿಂದ ಪಾಠ ಕಲಿತು ಸೂಜಿಯಿಲ್ಲದೆ ಔಷಧವನ್ನು ಚಿಮ್ಮುವ ಸಾಧನ ವರದಿಯಾಯಿತು. ಹಂದಿಯಿಂದ ಮನುಷ್ಯನವರೆಗಿನ ದಾರಿ ದೀರ್ಘವಾದುದು; ನಡುವೆ ನಿಂತುಹೋದ ಯತ್ನಗಳೂ ಉಂಟು. ಆದರೂ ದಿಕ್ಕು ಸ್ಪಷ್ಟವಾಗಿದೆ.

ಈವರೆಗಿನದು ಅರಿವಿನ ಮಾತಾಯಿತು. ಇನ್ನು ಆಚಾರದ ಪ್ರಶ್ನೆ.

ಗುಳಿಗೆಗೆ ಅರಿವು ಬಂದ ಮೇಲೆ, ಅದು ಅರಿತುದನ್ನು ಯಾರಿಗೆ ಹೇಳಬೇಕು? 2017ರ ನವೆಂಬರಿನಲ್ಲಿ ಅಮೆರಿಕದಲ್ಲಿ ಅರಿಪಿಪ್ರಜೋಲ್ ಎಂಬ ಮನೋರೋಗದ ಮದ್ದಿನ ಗುಳಿಗೆಯೊಂದಕ್ಕೆ ಸಮ್ಮತಿ ದೊರೆಯಿತು. ಅದರೊಳಗೆ ಮರಳಿನ ಕಣದಷ್ಟು ಸಣ್ಣ ಸಂವೇದಕವಿತ್ತು. ಜಠರದ ದ್ರವ ತಾಗಿದೊಡನೆ ಅದು ಸಂಜ್ಞೆ ಹೊರಡಿಸಿ, ಮೈಗೆ ಅಂಟಿಸಿದ ಪಟ್ಟಿಯ ಮೂಲಕ ದೂರವಾಣಿಗೆ ಸುದ್ದಿ ಮುಟ್ಟಿಸುತ್ತಿತ್ತು. ರೋಗಿಯ ಒಪ್ಪಿಗೆಯಿದ್ದರೆ ವೈದ್ಯರೂ ಬಂಧುಗಳೂ ಅದನ್ನು ನೋಡಬಹುದಾಗಿತ್ತು. ತನ್ನನ್ನು ಯಾರೋ ಹೊಂಚಿ ನೋಡುತ್ತಿದ್ದಾರೆಂಬ ಭ್ರಮೆಯಿಂದಲೇ ಬಳಲುವ ರೋಗಿಗೆ ಇಂಥ ಗುಳಿಗೆಯನ್ನು ಕೊಡುವುದರಲ್ಲಿಯ ವಿಪರ್ಯಾಸವನ್ನು ಅನೇಕ ವೈದ್ಯರೇ ಅಂದು ಎತ್ತಿ ತೋರಿಸಿದರು. ಈ ಸಾಧನದಿಂದ ರೋಗಿಗಳು ಮದ್ದನ್ನು ಹೆಚ್ಚು ಕ್ರಮವಾಗಿ ಸೇವಿಸುವರೆಂಬುದು ಸಿದ್ಧವಾಗಿಲ್ಲವೆಂದು ಸಮ್ಮತಿಯಿತ್ತ ಆಡಳಿತವೇ ಸ್ಪಷ್ಟಪಡಿಸಿತ್ತು. ಸಂವೇದಕವನ್ನು ನಿರ್ಮಿಸಿದ ಪ್ರೋಟಿಯಸ್ ಸಂಸ್ಥೆ 2020ರಲ್ಲಿ ದಿವಾಳಿಯಾಯಿತು. ಮದ್ದನ್ನು ಗುರಿಗೆ ಮುಟ್ಟಿಸುವ ಗುಳಿಗೆ ರೋಗಿಯ ಸೇವಕ. ಸುದ್ದಿಯನ್ನು ಮೂರನೆಯವರಿಗೆ ಮುಟ್ಟಿಸುವ ಗುಳಿಗೆ ಯಾರ ಸೇವಕ? ವಿಮಾ ಸಂಸ್ಥೆಯೋ, ಮಾಲೀಕನೋ ನಾಳೆ ಆ ಸುದ್ದಿಯನ್ನು ಕೇಳಿದರೆ ರೋಗಿಯ ಒಪ್ಪಿಗೆ ನಿಜವಾದ ಒಪ್ಪಿಗೆಯಾಗಿ ಉಳಿದೀತೇ? ಒಳಗನ್ನು ಬಲ್ಲ ಸಾಧನವು ಒಳಗಿನ ಗುಟ್ಟನ್ನು ಕಾಯಲೂ ಬಲ್ಲದಾಗಿರಬೇಕು.

ಎರಡನೆಯದು ಸುರಕ್ಷೆ. ಕ್ಯಾಮೆರಾ ಕ್ಯಾಪ್ಸೂಲು ಸುಮಾರು ನೂರರಲ್ಲಿ ಒಬ್ಬರ ಕರುಳಿನಲ್ಲಿ ಸಿಕ್ಕಿಕೊಳ್ಳುವುದುಂಟು. ಕರುಳು ಕಿರಿದಾದವರಲ್ಲಿ ಈ ಭಯ ಇನ್ನೂ ಹೆಚ್ಚು. ಅದು ಒಳಗಿರುವಾಗ ಕಾಂತೀಯ ಅನುರಣನ ಪರೀಕ್ಷೆ ಮಾಡುವಂತಿಲ್ಲ. ಆಯುಷ್ಯದಲ್ಲಿ ಒಮ್ಮೆ ನುಂಗುವ ಕ್ಯಾಮೆರಾಕ್ಕೆ ಈ ಅಪಾಯವನ್ನು ಸಹಿಸಬಹುದು. ದಿನಕ್ಕೆ ಮೂರು ಸಲ ನುಂಗಬೇಕಾದ ಗುಳಿಗೆಗೆ ಅದೇ ಅಳತೆ ಸಲ್ಲದು. ಲೋಹವೂ ವಿದ್ಯುತ್ಕೋಶವೂ ಇರುವ ಕೋಟಿ ಕೋಟಿ ಗುಳಿಗೆಗಳು ದಿನವೂ ಚರಂಡಿಗಿಳಿದರೆ ಕೆರೆಗಳ ಗತಿಯೇನೆಂಬುದನ್ನೂ ಯೋಚಿಸಬೇಕು.

ಮೂರನೆಯದು ಬೆಲೆ. ಸರಕಾರಿ ಆಸ್ಪತ್ರೆಯಲ್ಲಿ ಸಾಧಾರಣ ಗುಳಿಗೆಯೇ ದೊರೆಯದಿರುವಾಗ ಯಂತ್ರದ ಗುಳಿಗೆಯ ಮಾತೇಕೆ ಎಂದು ಕೇಳುವವರ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಅದೇ ತರ್ಕವನ್ನು 1922ರಲ್ಲಿ ಹೂಡಿದ್ದರೆ ಇನ್ಸುಲಿನ್ನೇ ಇರುತ್ತಿರಲಿಲ್ಲ. ಅಂದು ಅದು ಬಂಗಾರಕ್ಕಿಂತ ವಿರಳವಾಗಿತ್ತು. ಅದನ್ನು ಕಂಡುಹಿಡಿದವರು 1923ರಲ್ಲಿ ತಮ್ಮ ಹಕ್ಕುಪತ್ರವನ್ನು ತಲಾ ಒಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿಬಿಟ್ಟರು. ಅರಿವನ್ನು ದಾಸೋಹವಾಗಿ ನೀಡುವುದೆಂದರೆ ಇದೇ ಅಲ್ಲವೇ? ಆದರೂ ನೂರು ವರ್ಷಗಳ ಬಳಿಕ, ಇನ್ಸುಲಿನ್ ಬೇಕಾದವರೆಲ್ಲರಿಗೂ ಅದು ಎಟುಕುತ್ತಿಲ್ಲ. ಆವಿಷ್ಕಾರಕನ ಔದಾರ್ಯವೊಂದೇ ಸಾಲದು, ಹಂಚುವವರ ಧರ್ಮವೂ ಜೊತೆಗೂಡಬೇಕೆಂಬುದೇ ಇದರ ಪಾಠ. ಬಡವನ ಹೆಸರಿನಲ್ಲಿ ಸಂಶೋಧನೆಯನ್ನು ನಿಲ್ಲಿಸಿದರೆ ಬಡವನಿಗೆ ಏನೂ ಉಳಿಯುವುದಿಲ್ಲ; ಬಡವನನ್ನು ಮರೆತು ಸಂಶೋಧನೆ ನಡೆಸಿದರೂ ಅವನಿಗೆ ಏನೂ ಸಿಗುವುದಿಲ್ಲ.

ಆದಕಾರಣ ಜಾಣ ಗುಳಿಗೆಯ ಜಾಣತನವನ್ನು ಅದರೊಳಗೆ ತುಂಬಿದ ಯಂತ್ರಗಳ ಲೆಕ್ಕದಿಂದ ಅಳೆಯಕೂಡದು. ರೋಗಿಯ ಹೊರೆಯನ್ನು ಎಷ್ಟು ಇಳಿಸಿತು, ಎಷ್ಟು ಮಂದಿಯ ಹೊರೆಯನ್ನು ಇಳಿಸಿತು, ಹೊಸ ಹೊರೆಯೊಂದನ್ನು ಹೇರಿತೇ ಎಂಬುದೇ ನಿಜವಾದ ಅಳತೆ. ಈ ಅಳತೆಯಲ್ಲಿ, ಎಲ್ಲವನ್ನೂ ಬಲ್ಲ ಗಣಕದ ಗುಳಿಗೆಗಿಂತ ಕರಗುವ ಸಕ್ಕರೆಯನ್ನೇ ಗಡಿಯಾರವಾಗಿಸಿಕೊಂಡ ಗುಳಿಗೆ ಮುಂದೆ ನಿಲ್ಲುತ್ತದೆ. ಮೊದಲನೆಯದಕ್ಕೆ ಸಂಶೋಧನೆಯಲ್ಲಿ ಸ್ಥಾನವಿದೆ. ಎರಡನೆಯದಕ್ಕೆ ಹಳ್ಳಿಯ ಮನೆಯ ಗೂಡಿನಲ್ಲಿಯೂ ಸ್ಥಾನ ದೊರಕಬಹುದು.

ಈ ವಿಚಾರಕ್ಕೂ ಮಠದ ವಿದ್ಯಾಸಂಸ್ಥೆಯೊಂದಕ್ಕೂ ಸಂಬಂಧವೇನೆಂದು ಕೇಳುವವರು ಇರಬಹುದು. ಸಂಬಂಧ ನೇರವಾಗಿಯೇ ಇದೆ. ಆಮೆಗುಳಿಗೆಯ ಅಂಗಾಂಗಗಳನ್ನು ಬಿಡಿಸಿ ನೋಡಿದರೆ ಅಲ್ಲಿರುವುದೇನು? ಗುರುತ್ವಕೇಂದ್ರ, ಸುರುಳಿಯ ಶಕ್ತಿ, ಸಕ್ಕರೆಯ ಕರಗುವಿಕೆ, ಪ್ರೋಟೀನಿನ ಜೀರ್ಣಕ್ರಿಯೆ. ಬಲೂನಿನ ಗುಳಿಗೆಯಲ್ಲಿರುವುದು ಆಮ್ಲ ಮತ್ತು ಬೈಕಾರ್ಬೊನೇಟಿನ ಕ್ರಿಯೆ. ಇವೆಲ್ಲವೂ ಪ್ರೌಢಶಾಲೆಯ ಪಠ್ಯದಲ್ಲಿ ಇರುವಂಥವೇ. ವ್ಯತ್ಯಾಸವಿಷ್ಟೆ: ಶಾಲೆಯಲ್ಲಿ ಅವು ಬೇರೆ ಬೇರೆ ಪುಸ್ತಕಗಳಲ್ಲಿ, ಬೇರೆ ಬೇರೆ ಘಂಟೆಗಳಲ್ಲಿ ಒಂದನ್ನೊಂದು ಕಾಣದೆ ಕುಳಿತಿವೆ. ಟ್ರವೆರ್ಸೊ ಜಠರ ಮತ್ತು ಕರುಳಿನ ವೈದ್ಯರಾಗಿದ್ದೂ ಯಂತ್ರಶಾಸ್ತ್ರ ವಿಭಾಗದಲ್ಲಿ ಪಾಠ ಹೇಳುತ್ತಾರೆ. ಗೋಡೆಗಳು ಕರಗಿದಲ್ಲಿಯೇ ಹೊಸ ವಿಚಾರಗಳು ಹುಟ್ಟುತ್ತವೆ.

ಇದಕ್ಕೆ ಲಕ್ಷಗಟ್ಟಲೆ ಹಣ ಬೇಕಿಲ್ಲ. ಕರುಳಿನಲ್ಲಿ ಕರಗುವ ಲೇಪನವುಳ್ಳ ಒಂದು ಗುಳಿಗೆಯನ್ನು ದುರ್ಬಲ ಆಮ್ಲದಲ್ಲಿ ಒಂದೆರಡು ತಾಸು ಇರಿಸಿ, ಅನಂತರ ಅಡಿಗೆ ಸೋಡಾದ ದ್ರಾವಣಕ್ಕೆ ಹಾಕಿದರೆ, ಮೊದಲನೆಯದರಲ್ಲಿ ಗಟ್ಟಿಯಾಗಿ ನಿಂತದ್ದು ಎರಡನೆಯದರಲ್ಲಿ ಮೆಲ್ಲಗೆ ಬಿಚ್ಚಿಕೊಳ್ಳುವುದನ್ನು ಎಂಟನೆಯ ತರಗತಿಯ ಮಗುವೂ ಕಣ್ಣಾರೆ ಕಾಣಬಹುದು. ಬೆಚ್ಚನೆಯ ನೀರಿನಲ್ಲಿ ಖಾಲಿ ಜಿಲಾಟಿನ್ ಕ್ಯಾಪ್ಸೂಲು ಕರಗುವ ಕಾಲವನ್ನು ಗಡಿಯಾರ ಹಿಡಿದು ಅಳೆಯಬಹುದು. ಜೇಡಿಮಣ್ಣಿನಿಂದ ತಳಭಾರವಾದ ಬೊಂಬೆಯನ್ನು ಮಾಡಿ, ಯಾವ ಆಕಾರ ಬೇಗ ಎದ್ದು ನಿಲ್ಲುವುದೆಂದು ಪರೀಕ್ಷಿಸಬಹುದು. ಶಿಕ್ಷಕನ ಉತ್ಸಾಹವೂ, ಬೀಗ ಹಾಕದ ಒಂದು ಪ್ರಯೋಗಶಾಲೆಯೂ ಇದ್ದರೆ ಸಾಕು.

ದಾನಿಗಳ ಔದಾರ್ಯದಿಂದಲೇ ಇಂಥ ಸಂಸ್ಥೆಗಳು ಬೆಳೆದಿವೆಯೆಂಬುದರಲ್ಲಿ ಎರಡು ಮಾತಿಲ್ಲ. ಮಹಾದ್ವಾರಗಳೂ ಸಭಾಭವನಗಳೂ ಅವರ ಹೆಸರನ್ನು ಹೊತ್ತು ನಿಂತಿವೆ, ಅವೂ ಬೇಕು. ಆದರೆ ಗಾಜಿನ ನಳಿಕೆ, ತಕ್ಕಡಿ, ಸೂಕ್ಷ್ಮದರ್ಶಕಗಳಿಗೆ ಕೊಟ್ಟ ದಾನ ಕಣ್ಣಿಗೆ ಕಾಣುವುದಿಲ್ಲ. ಅದರ ಮೇಲೆ ಶಿಲಾಫಲಕ ನಿಲ್ಲುವುದಿಲ್ಲ. ಒಳಗೆ ಹೋಗಿ, ತನ್ನ ಕೆಲಸ ಮುಗಿಸಿ, ಹೆಸರನ್ನುಳಿಸದೆ ಹೊರಟುಹೋಗುವ ಆ ಗುಳಿಗೆಯಂತೆಯೇ ಅದು. ಹಳೆಯ ವಿದ್ಯಾರ್ಥಿಗಳಲ್ಲಿ ವೈದ್ಯರಾದವರು, ಔಷಧ ತಯಾರಿಕೆಯಲ್ಲಿ ತೊಡಗಿದವರು, ಇಂಜಿನಿಯರುಗಳಾದವರು ವರ್ಷಕ್ಕೊಂದು ದಿನ ತರಗತಿಗೆ ಬಂದು ತಮ್ಮ ಕಾಯಕದ ಒಂದು ಕಷ್ಟವನ್ನು ಮಕ್ಕಳ ಮುಂದಿಟ್ಟರೂ ಅದು ದೊಡ್ಡ ದಾಸೋಹವೇ ಸರಿ.

ಇನ್ಸುಲಿನ್ನನ್ನು ನುಂಗುವ ದಿನ ಎಂದು ಬಂದೀತೆಂದು ಯಾರೂ ಭವಿಷ್ಯ ನುಡಿಯಲಾರರು. ಆದರೆ ಅದು ಬರುವಾಗ, ಸೂಜಿಗೆ ಅಂಜುವ ಮಗುವೊಂದು ಅದನ್ನು ಕೊಳ್ಳಲು ಶಕ್ತವಾಗಿರಬೇಕು. ಅದನ್ನು ರೂಪಿಸಿದವರ ಸಾಲಿನಲ್ಲಿ ಈ ನಾಡಿನ ಶಾಲೆಯಲ್ಲಿ ಕಲಿತವರೂ ಇರಬೇಕು. ಅರಿವೂ ಆಚಾರವೂ ಒಂದಾದರೆ ಇವೆರಡೂ ಅಸಾಧ್ಯವಲ್ಲ. ಅದಕ್ಕೆ ಬೇಕಾದ ಮೊದಲ ಬೀಜ ಶಾಲೆಯ ಪ್ರಯೋಗಶಾಲೆಯ ಮೇಜಿನ ಮೇಲೆಯೇ ಬೀಳತಕ್ಕದ್ದು.